ಪಿಕಪ್ಪಿನ ಟೇಲ್‌ಗೇಟಿಗೆ ಮನೆಯಲ್ಲೇ ಪವರ್ ಲಾಕ್: ಲಾಕ್ ಗನ್ ಒಂದೇ ದಿನಕ್ಕೆ ಹಲ್ಲು ಕಳಚಿಕೊಂಡಿತು, ಎಲ್ಲಿ ತಪ್ಪಿದೆ?

ತೋಟದ ದಾರಿ, ಸಕಲೇಶಪುರ (ಏಪ್ರಿಲ್)

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಡಬಲ್ ಕ್ಯಾಬ್ ಪಿಕಪ್. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಬರೆದರೆ ಮೊದಲ ಹತ್ತು ಉತ್ತರಗಳು "ಅದನ್ನು ಯಾಕೆ ತೆಗೆದುಕೊಂಡಿರಿ" ಎಂಬುದರಲ್ಲೇ ಮುಗಿದುಹೋಗುತ್ತವೆ. ಹಿಂದೆ ಸಾಮಾನು ಹಾಕುವ ಜಾಗದ ಮೇಲೆ ಫೈಬರ್ ಕ್ಯಾನೊಪಿ (ಮುಚ್ಚಿಗೆ) ಕೂರಿಸಿದ್ದೇನೆ. ಕ್ಯಾನೊಪಿಯ ಗಾಜಿಗೆ ಕೀಲಿ ಇದೆ. ನಾಲ್ಕು ಬಾಗಿಲಿಗೆ ಸೆಂಟ್ರಲ್ ಲಾಕ್ ಇದೆ. ಹಿಂದೆ ಕೆಳಕ್ಕೆ ಇಳಿಯುವ ಬಾಗಿಲು, ಅಂದರೆ ಟೇಲ್‌ಗೇಟಿಗೆ ಮಾತ್ರ ಏನೂ ಇಲ್ಲ. ಗಾಜು ಟೇಲ್‌ಗೇಟಿನ ಒಳಬದಿಗೆ ಕೂರುವುದರಿಂದ ಗಾಜಿಗೆ ಬೀಗ ಹಾಕಿದ್ದರೂ ಹಿಡಿ ಎಳೆದವನಿಗೆ ಟೇಲ್‌ಗೇಟ್ ಬಾಯಿ ತೆರೆದುಕೊಡುತ್ತದೆ.

ಕಳೆದ ತಿಂಗಳು ಮೂರು ಮೂಟೆ ಕಾಳುಮೆಣಸು ಹಾಕಿಕೊಂಡು ಹಾಸನಕ್ಕೆ ಹೋಗಿದ್ದೆ. ವ್ಯಾಪಾರಿಯ ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ ಇತ್ತು. ಎದುರಿನ ಹೋಟೆಲಿನಲ್ಲಿ ಒಂದು ಸೆಟ್ ದೋಸೆ ತಿಂದು ಕಾಫಿ ಕುಡಿದು ಬರುವಷ್ಟರಲ್ಲಿ ಒಂದು ಮೂಟೆ ಮಾಯ. ಪಕ್ಕದಲ್ಲೇ ಸುಣ್ಣದ ಚೀಲ ಇತ್ತು, ಅದನ್ನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಕಳ್ಳನಿಗೂ ಮಾರುಕಟ್ಟೆ ದರ ಗೊತ್ತು. ಎರಡನೇ ಕಾಫಿ ಹೇಳಿದ್ದರೆ ಉಳಿದ ಎರಡು ಮೂಟೆಗಳೂ ಹೋಗುತ್ತಿದ್ದವು.

ಕೊಂಡಿ ಹಾಕಿಸಿ ಬೀಗ ಜಡಿಯಿರಿ ಎಂದು ಮನೆಯಲ್ಲಿ ಹೇಳಿದರು. ಜಡಿದೆ. ಆದರೆ ಗೊಬ್ಬರ, ಏಣಿ, ಸ್ಪ್ರೇಯರ್ ಎಂದು ದಿನಕ್ಕೆ ಹದಿನೈದು ಸಲ ತೆರೆದು ಮುಚ್ಚುವ ಬಾಗಿಲಿಗೆ ಬೀಗ ಎಂದರೆ, ಮೂರನೇ ದಿನದಿಂದ ಅದು ಕೊಂಡಿಯಲ್ಲಿ ಸುಮ್ಮನೆ ನೇತಾಡುವ ಒಡವೆಯಾಗುತ್ತದೆ. ಎರಡು ಕೀಲಿಗಳು ಕಾಫಿ ಗಿಡದ ಬುಡ ಸೇರಿದವು. ಆದ್ದರಿಂದ ನನಗೆ ಬೇಕಾದದ್ದು ಇಷ್ಟೇ: ರಿಮೋಟ್ ಒತ್ತಿದರೆ ನಾಲ್ಕು ಬಾಗಿಲಿನ ಜೊತೆಗೆ ಐದನೆಯದೂ ಬೀಳಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೆಂಟ್ರಲ್ ಲಾಕ್ ಗನ್ ಒಂದನ್ನು, ಅಂದರೆ ಲಾಕಿನ ಕಡ್ಡಿಯನ್ನು ತಳ್ಳಿ ಎಳೆಯುವ ಸಣ್ಣ ಮೋಟಾರನ್ನು, ತರಿಸಿದೆ. 12 ವೋಲ್ಟಿನದು, ಎರಡು ವೈರಿನದು. ಒಂದು ಕಡೆಯಿಂದ ಕರೆಂಟ್ ಕೊಟ್ಟರೆ ಕಡ್ಡಿ ಹೊರಗೆ ಬರುತ್ತದೆ, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಒಳಗೆ ಹೋಗುತ್ತದೆ. ಟೇಲ್‌ಗೇಟಿನ ಒಳಗಿನ ತಗಡು ಬಿಚ್ಚಿದೆ. ಬಿಚ್ಚುವ ಮೊದಲು ಒಳಗೆ ಏನೇನೋ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ನಡುವೆ ಹಿಡಿ, ಹಿಡಿಯ ಬೆನ್ನಿಗೆ ಒಂದು ಲಿವರ್, ಲಿವರಿನಿಂದ ಎಡಕ್ಕೊಂದು ಬಲಕ್ಕೊಂದು ಕಂಬಿ, ಕಂಬಿಗಳ ತುದಿಯಲ್ಲಿ ಬಾಗಿಲನ್ನು ಕಚ್ಚಿ ಹಿಡಿಯುವ ಲಾಚ್, ಮತ್ತು ಏಳು ವರ್ಷದ ಕೆಂಪು ಧೂಳು. ಗನ್ನಿನ ಕಡ್ಡಿಯನ್ನು ನೇರವಾಗಿ ಲಿವರಿಗೇ ಕಟ್ಟಿದೆ. ಗನ್ ಲಿವರನ್ನು ಒತ್ತಿ ಹಿಡಿದುಕೊಂಡರೆ ಹಿಡಿ ಮೇಲೆ ಬರಲಾರದು ಎಂಬುದು ನನ್ನ ಲೆಕ್ಕ.

ಬೆಳಿಗ್ಗೆ ಟಕ್ ಎಂದು ಬಿತ್ತು, ಟಕ್ ಎಂದು ಎದ್ದಿತು. ಮನೆಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಸಂಜೆ ನಮ್ಮ ಡ್ರೈವರ್, ಲಾಕ್ ಆಗಿರುವುದು ತಿಳಿಯದೆ, ಹಿಡಿ ಎಳೆದ. ತೆರೆಯಲಿಲ್ಲ. ಇನ್ನೊಮ್ಮೆ, ಮೂಟೆ ಎತ್ತುವ ಕೈಯಿಂದ, ಎಳೆದ. ತೆರೆಯಿತು. ಗನ್ ಬಿಚ್ಚಿ ಅಲುಗಿಸಿದರೆ ನೈಲಾನ್ ಗಿಯರಿನ ಹಲ್ಲುಗಳು ನುಚ್ಚಕ್ಕಿಯ ಹಾಗೆ ಅಂಗೈಗೆ ಉದುರಿದವು.

ಇನ್ನೂ ಬಲವಾದ ಗನ್ ಸಿಗುತ್ತದೆಯೇ? ಕರೆಂಟನ್ನು ಎಲ್ಲಿಂದ ತೆಗೆದುಕೊಳ್ಳುವುದು ಸರಿ? (ಈಗ ತಾತ್ಕಾಲಿಕವಾಗಿ ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿನಿಂದ ಕೊಟ್ಟಿದ್ದೇನೆ.) ಬ್ಯಾಟರಿ ಸತ್ತ ದಿನ ಟೇಲ್‌ಗೇಟ್ ತೆರೆಯುವುದು ಹೇಗೆ?

ಗಿರಿಯ ಗಾಳಿ, ಚಿಕ್ಕಮಗಳೂರು

ಇಷ್ಟೆಲ್ಲ ಯಾಕೆ ಸ್ವಾಮಿ? ಗಾಡಿಯನ್ನು ಹಿಮ್ಮುಖವಾಗಿ ಗೋಡೆಗೆ ತಾಗಿಸಿ ನಿಲ್ಲಿಸಿ. ಟೇಲ್‌ಗೇಟ್ ತೆರೆಯಲು ಜಾಗವೇ ಇರುವುದಿಲ್ಲ. ನಾನು ಹನ್ನೆರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ, ಒಂದು ರೂಪಾಯಿ ಖರ್ಚಿಲ್ಲ.

ತೋಟದ ದಾರಿ

ಒಳ್ಳೆಯ ಉಪಾಯವೇ. ಹಾಸನದ ಸಂತೆ ದಿನ ಖಾಲಿ ಗೋಡೆ ಎಲ್ಲಿದೆ ಎಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಲೇತ್ ಮನೆ, ಹಾಸನ

ಗೌಡರೇ (ಗೌಡರು ಹೌದೋ ಅಲ್ಲವೋ ತಿಳಿಯದು, ಸಕಲೇಶಪುರದ ತೋಟ ಎಂದಮೇಲೆ ಹಾಗೇ ಕರೆಯುತ್ತೇನೆ), ನಿಮ್ಮ ಗನ್ನಿನಲ್ಲಿ ದೋಷವಿಲ್ಲ. ನೀವು ಅದಕ್ಕೆ ಒಪ್ಪಿಸಿದ ಕೆಲಸ ತಪ್ಪು.

ಹಳೆಯ ಮನೆಗಳ ಹೆಬ್ಬಾಗಿಲಿನ ಹಿಂದೆ ಗೋಡೆಯ ತೂತಿಗೆ ಸರಿಯುವ ಅಗುಳಿ ಇರುತ್ತಿತ್ತಲ್ಲ, ನೆನಪಿಸಿಕೊಳ್ಳಿ. ಆರು ವರ್ಷದ ಮಗು ಅದನ್ನು ಎಳೆದು ಸರಿಸುತ್ತಿತ್ತು. ಆಮೇಲೆ ಹೊರಗಿನಿಂದ ನಾಲ್ಕು ಜನ ಭುಜ ಕೊಟ್ಟರೂ ಬಾಗಿಲು ಅಲುಗುತ್ತಿರಲಿಲ್ಲ. ಮಗುವೇನು ಬಾಗಿಲು ಹಿಡಿದು ನಿಲ್ಲುತ್ತಿತ್ತೇ? ಅಗುಳಿ ಸರಿಸಿ ಆಟಕ್ಕೆ ಹೋಗುತ್ತಿತ್ತು. ನಿಮ್ಮ ಗನ್ ಆ ಮಗು. ನೀವು ಅದನ್ನೇ ಬಾಗಿಲಿಗೆ ಒರಗಿಸಿ ನಿಲ್ಲಿಸಿದಿರಿ, ಡ್ರೈವರ್ ಬಂದು ಮಗುವಿನ ಮೇಲೆ ಬಿದ್ದ. ದೊಡ್ಡ ಗನ್ ತಂದರೆ ಆರು ವರ್ಷದ ಮಗುವಿನ ಬದಲು ಎಂಟು ವರ್ಷದ್ದನ್ನು ನಿಲ್ಲಿಸಿದಂತೆ.

ಆದ್ದರಿಂದ ಅಗುಳಿ ಮಾಡಿಸಿ. 10 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸರಳು, ಆರು ಸೆಂಟಿಮೀಟರ್ ಉದ್ದ ಸಾಕು. ಅದು ಒಳಗೆ ಜಾರಲು ಒಂದು ಬುಷ್ (ಗಿಡ್ಡ ಕೊಳವೆ). ಬುಷ್ಷನ್ನು 3 ಮಿಲಿಮೀಟರ್ ಪ್ಲೇಟಿನ ಮೇಲೆ ಕೂರಿಸಿ, ಆ ಪ್ಲೇಟನ್ನು ಹಿಡಿಯ ಬೋಲ್ಟುಗಳಿಗೇ ಸೇರಿಸಿ ಬಿಗಿಯಿರಿ. ಸರಳು ಅಡ್ಡಲಾಗಿ ಜಾರಿ ಲಿವರಿನ ದಾರಿಗೆ ಬಂದು ನಿಲ್ಲಬೇಕು. ಆಗ ಹಿಡಿ ಎಳೆದವನ ಬಲವೆಲ್ಲ ಲಿವರಿನಿಂದ ಸರಳಿಗೆ, ಸರಳಿನಿಂದ ಬುಷ್ಷಿಗೆ, ಬುಷ್ಷಿನಿಂದ ಪ್ಲೇಟಿಗೆ ಹೋಗುತ್ತದೆ. ಗನ್ನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಈ ಗನ್ನುಗಳ ಕಡ್ಡಿ ಸುಮಾರು ಎರಡು ಸೆಂಟಿಮೀಟರ್ ಓಡುತ್ತದೆ. ಅದರಲ್ಲಿ ಒಂದು ಚಿಲ್ಲರೆ ಸೆಂಟಿಮೀಟರ್ ಲಿವರಿನ ಮುಂದೆ ಚಾಚಿಕೊಂಡರೆ ಧಾರಾಳ.

ಸರಳಿಗೂ ಲಿವರಿಗೂ ನಡುವೆ ಎರಡು ಮಿಲಿಮೀಟರ್ ಸಡಿಲ ಬಿಡಿ. ತಾಗಿಸಿ ಕೂರಿಸಿದರೆ ಚೆಂದ ಕಾಣುತ್ತದೆ, ಆದರೆ ಧೂಳು ಸೇರಿದ ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಸರಳಿನ ತುದಿಯನ್ನು ಸ್ವಲ್ಪ ಇಳಿಜಾರು ಕೊಟ್ಟು ಕಡಿಸಿ. ಗನ್ನಿನ ಕಡ್ಡಿಯನ್ನು ಸರಳಿಗೆ ಬಿಗಿಯಾಗಿ ಕಟ್ಟಬೇಡಿ, ತುದಿ ಬಗ್ಗಿಸಿ ತೂತಿನಲ್ಲಿ ಸಡಿಲವಾಗಿ ಕೊಕ್ಕೆ ಹಾಕಿ.

ಇನ್ನೊಂದು ಪರೀಕ್ಷೆ, ಇದನ್ನು ಬಿಟ್ಟವರೆಲ್ಲ ಕಂಬಿ ಬಗ್ಗಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ಟೇಲ್‌ಗೇಟ್ ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಲಾಚನ್ನು ಒತ್ತಿ ಮುಚ್ಚಿ. ಆಗ ನಡುವಿನ ಲಿವರ್ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಸರಿ, ಅಗುಳಿ ಬಿದ್ದಿರುವಾಗಲೂ ಬಾಗಿಲನ್ನು ಬಡಿದು ಮುಚ್ಚಬಹುದು. ಅಲುಗಿದರೆ, ಕಂಬಿಯ ತುದಿಯ ತೂತನ್ನು ಉದ್ದ ಮಾಡಿ ಆ ಚಲನೆಗೆ ಜಾಗ ಕೊಡಬೇಕು.

ಟೇಲ್‌ಗೇಟಿನ ತಗಡಿಗೆ ವೆಲ್ಡಿಂಗ್ ಮಾತ್ರ ಬೇಡ. ತೆಳು ತಗಡು ಡೊಂಕಾಗುತ್ತದೆ, ಹೊರಗಿನ ಬಣ್ಣ ಗುಳ್ಳೆ ಏಳುತ್ತದೆ, ಒಳಗಿನಿಂದ ತುಕ್ಕು ಶುರುವಾಗುತ್ತದೆ. ತೂತು ಕೊರೆದಲ್ಲೆಲ್ಲ ರೆಡ್ ಆಕ್ಸೈಡ್ ಬಳಿಯಿರಿ.

ತೋಟದ ದಾರಿ

ಮಗುವಿನ ಉಪಮೆ ಓದಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಹಳೆಯ ಮನೆಯಲ್ಲಿ ಆ ಅಗುಳಿ ಸರಿಸುವ ಕೆಲಸ ನನ್ನದೇ ಆಗಿತ್ತು, ಆದರೂ ಹೊಳೆಯಲಿಲ್ಲ ನೋಡಿ. ಲಾಚ್ ಒತ್ತಿ ನೋಡಿದೆ, ಲಿವರ್ ಅಲುಗುವುದಿಲ್ಲ. ವೈರಿಂಗ್ ಬಲ್ಲವರು ಯಾರಾದರೂ ಇದ್ದೀರಾ?

ಕಪ್ಪು ಟೇಪ್, ಬೆಂಗಳೂರು

ಮೂವತ್ತು ವರ್ಷ ಆಟೊ ಎಲೆಕ್ಟ್ರಿಕಲ್ ಕೆಲಸ ಮಾಡಿದ್ದೇನೆ, ಈಗ ಕಣ್ಣು ಮಂಜು, ಬರೆಯುವುದಷ್ಟೇ.

ಮೊದಲು ಆ ಡ್ಯಾಶ್‌ಬೋರ್ಡಿನ ಸ್ವಿಚ್ ಕಿತ್ತು ಬಿಸಾಡಿ. ಸೆಂಟ್ರಲ್ ಲಾಕ್ ಗನ್ನಿಗೆ ಕರೆಂಟ್ ಬೇಕಾದದ್ದು ಅರ್ಧ ಸೆಕೆಂಡ್, ಹೆಚ್ಚೆಂದರೆ ಒಂದು ಸೆಕೆಂಡ್. ಗಾಡಿಯ ಜೊತೆ ಬಂದಿರುವ, ಸೆಂಟ್ರಲ್ ಲಾಕ್ ನಡೆಸುವ ಕಂಪನಿಯ ಯೂನಿಟ್ ಅಷ್ಟೇ ಕೊಟ್ಟು ನಿಲ್ಲಿಸುತ್ತದೆ. ನಿಮ್ಮ ಸ್ವಿಚ್ ಒತ್ತಿದಂತೆಯೇ ಉಳಿದರೆ ಮೋಟಾರ್ ಕೊನೆ ಮುಟ್ಟಿದ ಮೇಲೂ ತಳ್ಳುತ್ತಲೇ ಇರುತ್ತದೆ, ಬಿಸಿಯಾಗಿ ಸುಟ್ಟುಹೋಗುತ್ತದೆ. ಟೇಲ್‌ಗೇಟಿನೊಳಗೆ ಹೊಗೆ ಬಂದರೆ ನಿಮಗೆ ಕಾಣುವುದೂ ಇಲ್ಲ.

ಹಿಂದಿನ ಎಡಬಾಗಿಲಿನ ಗನ್ನಿಗೆ ಹೋಗುವ ಎರಡು ವೈರುಗಳನ್ನು ಹುಡುಕಿ. ಡ್ರೈವರ್ ಬಾಗಿಲಿನ ಗೊಡವೆ ಬೇಡ, ಅಲ್ಲಿ ಸ್ವಿಚ್ಚಿನ ವೈರುಗಳೂ ಸೇರಿ ಗೋಜಲಾಗಿರುತ್ತದೆ. ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿ ಎತ್ತಿದರೆ ಹಾರ್ನೆಸ್ (ವೈರುಗಳ ಕಟ್ಟು) ಸಿಗುತ್ತದೆ. ಹಳದಿ ತೊಗಲಿನ ವೈರ್ ಕಂಡರೆ ಕೈ ಹಿಂದೆ ತೆಗೆದುಕೊಳ್ಳಿ, ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚುವ ಹುಡುಗಾಟ ಬೇಡ.

ಸರಿಯಾದ ಎರಡು ವೈರ್ ಯಾವುವು ಎಂದು ತಿಳಿಯಲು ಡಿಜಿಟಲ್ ಮೀಟರ್ ನಂಬಬೇಡಿ, ಅರ್ಧ ಸೆಕೆಂಡನ್ನು ಅದು ನೋಡುವಷ್ಟರಲ್ಲಿ ಮುಗಿದಿರುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲಾಕ್ ಒತ್ತಿದಾಗ ಒಂದು ವೈರಿನಲ್ಲಿ ಮಿಂಚುತ್ತದೆ, ಅನ್‌ಲಾಕ್ ಒತ್ತಿದಾಗ ಇನ್ನೊಂದರಲ್ಲಿ. ಸುಮ್ಮನಿರುವಾಗ ಎರಡೂ ಅರ್ತಿನಲ್ಲಿ ಇರಬೇಕು. ಅದನ್ನು ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಹಾಗಿಲ್ಲದಿದ್ದರೆ ಕೆಳಗೆ ಬರೆದದ್ದನ್ನು ಮಾಡಬೇಡಿ, ಇಲ್ಲಿ ಮತ್ತೆ ಕೇಳಿ.

ಆ ವೈರಿಗೆ ನಿಮ್ಮ ಗನ್ನನ್ನು ನೇರವಾಗಿ ನೇತುಹಾಕಿದರೂ ಕೆಲಸ ಮಾಡುತ್ತದೆ. ಎಷ್ಟು ದಿನ ಎಂಬುದು ಬೇರೆ ಮಾತು. ನಾಲ್ಕು ಗನ್ನಿಗೆ ಲೆಕ್ಕ ಹಾಕಿದ ಯೂನಿಟ್ ಅದು. ಐದನೆಯದು ಎಂದಾದರೂ ಸಿಕ್ಕಿಹಾಕಿಕೊಂಡರೆ ಐದರ ಭಾರವೂ ಯೂನಿಟ್ಟಿನ ಮೇಲೆ. ಎರಡು ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಯೂನಿಟ್ ರಿಲೇಗೆ ಸನ್ನೆ ಮಾಡುತ್ತದೆ, ಗನ್ನಿನ ಕರೆಂಟ್ ಬ್ಯಾಟರಿಯಿಂದ ಬೇರೆಯಾಗಿ ಬರುತ್ತದೆ.

ಐದು ಕಾಲಿನ ರಿಲೇ ಎರಡು ತೆಗೆದುಕೊಳ್ಳಿ. ಎರಡರ 30ನೇ ಕಾಲುಗಳಿಂದ ಗನ್ನಿನ ಎರಡು ವೈರ್. ಎರಡರ 87ಎ ಬಾಡಿ ಅರ್ತಿಗೆ. ಎರಡರ 87 ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ಪ್ಲಸ್ಸಿಗೆ. ಎರಡರ 85 ಅರ್ತಿಗೆ. ಮೊದಲನೆಯದರ 86 ಬಾಗಿಲಿನ ಲಾಕ್ ವೈರಿಗೆ, ಎರಡನೆಯದರ 86 ಅನ್‌ಲಾಕ್ ವೈರಿಗೆ. ಸುಮ್ಮನಿರುವಾಗ ಗನ್ನಿನ ಎರಡೂ ವೈರ್ ಅರ್ತಿನಲ್ಲಿ ಕುಳಿತಿರುತ್ತವೆ. ಲಾಕ್ ಬಂದಾಗ ಮೊದಲನೆಯದು ಪ್ಲಸ್ಸಿಗೆ ಹಾರುತ್ತದೆ, ಅನ್‌ಲಾಕ್ ಬಂದಾಗ ಎರಡನೆಯದು. ಅಂಗಡಿಯವರು ಕೆಲವೊಮ್ಮೆ ನಡುವಿನ ಕಾಲೂ 87 ಆಗಿರುವ ರಿಲೇ ಕೊಟ್ಟುಬಿಡುತ್ತಾರೆ. ನೋಡಲು ಅದೇ, ಹಾಕಿದರೆ ಒತ್ತಿದ ಕ್ಷಣ ಶಾರ್ಟ್. ಮೈಮೇಲೆ 87ಎ ಎಂದು ಬರೆದಿರುವುದನ್ನು ಓದಿ ತೆಗೆದುಕೊಳ್ಳಿ.

10 ಆಂಪಿಯರ್ ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಬೇಕು, ರಿಲೇ ಹತ್ತಿರ ಅಲ್ಲ. ಬ್ಯಾಟರಿಯಿಂದ ರಿಲೇ ತನಕ ಬರುವ ವೈರ್ ಎಲ್ಲೋ ಉಜ್ಜಿಕೊಂಡು ಬಾಡಿಗೆ ತಾಗಿದರೆ ಕಾಪಾಡುವುದು ಅದೊಂದೇ. ರಿಲೇಗಳನ್ನು ಹಿಂದಿನ ಸೀಟಿನ ಬೆನ್ನಿಗೆ, ಒಣ ಜಾಗದಲ್ಲಿ ಕೂರಿಸಿ. ಸೇರಿಕೆಗಳನ್ನು ಬೆಸುಗೆ ಹಾಕಿ ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ. ಚುಚ್ಚಿ ಕೂರುವ ಕ್ಲಿಪ್ಪುಗಳು ನಿಮ್ಮ ಕಡೆಯ ಮಳೆಗೆ ಒಂದು ವರ್ಷ ಬಾಳುವುದಿಲ್ಲ. ಸೈಲೆನ್ಸರಿನಿಂದ ದೂರ ಇರಲಿ.

ಕೊನೆಯದು, ಎಲ್ಲರೂ ಕೇಳಿ ಎಲ್ಲರೂ ಮರೆಯುವುದು: ಬಾಡಿಯಿಂದ ಟೇಲ್‌ಗೇಟಿಗೆ ದಾಟುವಲ್ಲಿ ಮನೆಯ ವೈರಿಂಗಿನ ಗಟ್ಟಿ ವೈರ್ ಹಾಕಬೇಡಿ. ಸಣ್ಣ ಎಳೆಗಳು ತುಂಬಿದ ಮೆತ್ತನೆಯ ವೈರ್ ಹಾಕಿ, ಒಂದು ಸುತ್ತು ಹೆಚ್ಚಿಗೆ ಬಿಡಿ, ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್ (ಬಳೆ) ಹಾಕಿ. ನಡುವೆ ಒಂದು ಕನೆಕ್ಟರ್ ಇದ್ದರೆ ಟೇಲ್‌ಗೇಟ್ ಬಿಚ್ಚುವಾಗ ಕತ್ತರಿಸಬೇಕಾಗುವುದಿಲ್ಲ.

ಹುಬ್ಬಳ್ಳಿಯಿಂದ ಹ್ಯೂಸ್ಟನ್

ನಾನಿರುವುದು ಟೆಕ್ಸಾಸಿನಲ್ಲಿ. ಇಲ್ಲಿ ಪಿಕಪ್ಪನ್ನು ಟ್ರಕ್ ಎನ್ನುತ್ತಾರೆ. "ಟ್ರಕ್ ತೆಗೆದುಕೊಂಡೆ" ಎಂದು ಊರಿಗೆ ಫೋನ್ ಮಾಡಿದಾಗ, ಇಷ್ಟು ಓದಿಸಿ ಕಳಿಸಿದ್ದು ಲಾರಿ ಓಡಿಸುವುದಕ್ಕೇ ಎಂದು ನಮ್ಮ ತಾಯಿ ಎರಡು ದಿನ ಮಾತು ಬಿಟ್ಟಿದ್ದರು.

ಇಲ್ಲಿ ಒಳಗಿನ ಸಾಮಾನಷ್ಟೇ ಅಲ್ಲ, ಟೇಲ್‌ಗೇಟನ್ನೇ ಕದಿಯುತ್ತಾರೆ. ಬಹಳಷ್ಟು ಪಿಕಪ್ಪುಗಳಲ್ಲಿ ಅದನ್ನು ಅರ್ಧ ಇಳಿಸಿ, ಎರಡು ಕಡೆಯ ಕೇಬಲ್ ಕಳಚಿ, ಒಂದು ಬದಿಯನ್ನು ಎತ್ತಿದರೆ ಹಿಂಜಿನಿಂದ ಕಳಚಿ ಕೈಗೆ ಬರುತ್ತದೆ. ಒಂದು ನಿಮಿಷವೂ ಬೇಡ. ರಿವರ್ಸ್ ಕ್ಯಾಮೆರಾ ಇರುವ ಟೇಲ್‌ಗೇಟಿಗೆ ಬೆಲೆ ಹೆಚ್ಚು, ಆಸೆಯೂ ಹೆಚ್ಚು. ಹಾಗಾಗಿ ಸೆಂಟ್ರಲ್ ಲಾಕಿಗೆ ಸೇರುವ ಸಿದ್ಧ ಕಿಟ್ಟುಗಳೇ ಇಲ್ಲಿ ಮಾರಾಟಕ್ಕಿವೆ. ಕಂಜೂಸರು ಮಾಡುವ ಉಪಾಯವೂ ಒಂದಿದೆ: ಕಳಚುವ ಬದಿಯ ಹಿಂಜಿನ ಸುತ್ತ ರೇಡಿಯೇಟರ್ ಪೈಪಿಗೆ ಬಿಗಿಯುವ ಹೋಸ್ ಕ್ಲಿಪ್ ಬಿಗಿಯುವುದು. ಜಾರಿಕೊಂಡು ಬರುವ ಸಂದು ಮುಚ್ಚಿಹೋಗುತ್ತದೆ. ಕಳ್ಳ ಸ್ಕ್ರೂಡ್ರೈವರ್ ತಂದಿದ್ದರೆ ಬಿಚ್ಚುತ್ತಾನೆ, ನಿಜ. ಕತ್ತಲಲ್ಲಿ ಬಗ್ಗಿ ಕುಳಿತು ಸ್ಕ್ರೂ ಬಿಚ್ಚುವಷ್ಟು ತಾಳ್ಮೆ ಇದ್ದರೆ ಅವನು ಬೇರೆ ಉದ್ಯೋಗ ಮಾಡುತ್ತಿದ್ದ.

ನೀವು ಬ್ಯಾಟರಿ ಸತ್ತರೆ ಎಂದು ಕೇಳಿದ್ದೀರಿ. ಅದಕ್ಕಿಂತ ದೊಡ್ಡ ಪ್ರಶ್ನೆ, ಕ್ಯಾನೊಪಿಯೊಳಗೆ ಯಾರಾದರೂ ಇದ್ದರೆ? ತೋಟದಲ್ಲಿ ಮಕ್ಕಳಿರುತ್ತಾರೆ, ಕಣ್ಣಾಮುಚ್ಚಾಲೆ ಆಡುತ್ತಾರೆ. ಇಲ್ಲಿ ಕಾರಿನ ಡಿಕ್ಕಿಯೊಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಕಾನೂನು ಬಂತು. 2001ರ ಸೆಪ್ಟೆಂಬರ್ 1ರಿಂದ ತಯಾರಾದ ಡಿಕ್ಕಿ ಇರುವ ಕಾರುಗಳಲ್ಲೆಲ್ಲ ಒಳಗಿನಿಂದ ತೆರೆಯುವ ವ್ಯವಸ್ಥೆ ಕಡ್ಡಾಯ. ಸಾಮಾನ್ಯವಾಗಿ ಕತ್ತಲಲ್ಲಿ ಹೊಳೆಯುವ ಒಂದು ಹಿಡಿ ಇರುತ್ತದೆ. ನಿಮ್ಮ ಅಗುಳಿಗೆ ಸೈಕಲ್ ಬ್ರೇಕ್ ಕೇಬಲ್ ಕಟ್ಟಿ ಒಳಗೆ ಬಿಡಿ. ಬ್ಯಾಟರಿ ಸತ್ತ ದಿನ ಗಾಜಿನ ಕೀಲಿ ತೆರೆದು ಕೈ ಹಾಕಿ ಎಳೆಯಬಹುದು, ಒಳಗೆ ಸಿಕ್ಕಿದವರೂ ಎಳೆಯಬಹುದು.

ತೋಟದ ದಾರಿ (ಮೇ)

ಮಾಡಿದೆ. ಬಿ.ಎಂ. ರಸ್ತೆಯ ಲೇತ್ ಅಂಗಡಿಯಲ್ಲಿ ಸರಳು, ಬುಷ್, ಪ್ಲೇಟ್ ಮೂರಕ್ಕೂ ಸೇರಿ ₹450. ಗನ್ ₹220, ಅದರಲ್ಲಿ ಮೊದಲನೆಯದರ ಸಾವಿನ ಖರ್ಚು ಸೇರಿಸಿಲ್ಲ. ರಿಲೇ, ಫ್ಯೂಸ್, ವೈರ್ ಎಲ್ಲ ಸೇರಿ ₹600ರ ಆಸುಪಾಸು. ಸೈಕಲ್ ಕೇಬಲ್ ಮಗನ ಹಳೆಯ ಸೈಕಲ್ಲಿನದು. ಸುಮ್ಮನಿರುವಾಗ ಎರಡು ವೈರುಗಳೂ ಅರ್ತಿನಲ್ಲೇ ಇದ್ದವು. ಕಪ್ಪು ಟೇಪ್ ಅವರು ಬರೆದದ್ದನ್ನು ಅಕ್ಷರ ಬಿಡದೆ ಮಾಡಿದೆ (ಒಂದನ್ನು ಬಿಟ್ಟು, ಅದನ್ನು ಆಮೇಲೆ ಹೇಳುತ್ತೇನೆ). ಗನ್ನನ್ನು ಕಡ್ಡಿ ಕೆಳಮುಖವಾಗುವಂತೆ ಕೂರಿಸುವುದೋ ಅಡ್ಡ ಕೂರಿಸುವುದೋ ಎಂದು ಒಂದು ದಿನ ಯೋಚಿಸಿ, ಅಡ್ಡ ಕೂರಿಸಿ ತುದಿಯನ್ನು ತುಸು ಕೆಳಗೆ ಬಾಗಿಸಿದೆ, ನೀರು ಕಡ್ಡಿಯ ಗುಂಟ ಒಳಗೆ ಹರಿಯಬಾರದಲ್ಲ. ಮೇಲೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿದೆ.

ರಿಮೋಟ್ ಒತ್ತಿದರೆ ನಾಲ್ಕು ಟಕ್, ಅದರ ಬೆನ್ನಿಗೇ ಹಿಂದಿನಿಂದ ಒಂದು ದಪ್ಪ ಟಕ್. ಡ್ರೈವರನನ್ನು ಕರೆದು, ಎಳೆ ಎಂದೆ. ಎಳೆದ. ಕಾಲು ಕೊಟ್ಟು ಎಳೆದ. ಹಿಡಿ ಬಗ್ಗೀತು ಎಂದು ನಾನೇ ನಿಲ್ಲಿಸಿದೆ.

ಆಮೇಲೆ ಹ್ಯೂಸ್ಟನ್ನಿನವರ ಕೇಬಲ್ ಪರೀಕ್ಷೆ. ಬೇರೆಯವರನ್ನು ಕೂರಿಸುವುದು ನ್ಯಾಯವಲ್ಲ ಎಂದು ನಾನೇ ಕ್ಯಾನೊಪಿಯೊಳಗೆ ಹತ್ತಿ ಗೊಬ್ಬರದ ಚೀಲದ ಮೇಲೆ ಕುಳಿತೆ. ಗಾಜು ಮುಚ್ಚು, ಲಾಕ್ ಮಾಡು, ನಾನು ಒಳಗಿನಿಂದ ಬರುತ್ತೇನೆ ಎಂದು ಡ್ರೈವರನಿಗೆ ಹೇಳಿದೆ. ಅವನು ಲಾಕ್ ಮಾಡಿ, ಯಜಮಾನರು ಹೇಗೂ ಬರುತ್ತಾರೆ ಎಂದು ಕಣದ ಕಡೆಗೆ ನಡೆದ. ನಾನು ಕೇಬಲ್ ಎಳೆದೆ. ಅಗುಳಿ ಅಚ್ಚುಕಟ್ಟಾಗಿ ಹಿಂದೆ ಸರಿದ ಸದ್ದು ಕೇಳಿಸಿತು. ಟೇಲ್‌ಗೇಟ್ ತಳ್ಳಿದೆ. ಬರಲಿಲ್ಲ. ಬರುವುದು ಹೇಗೆ? ಅಗುಳಿ ಸರಿದರೆ ಆಯಿತೇ, ಲಾಚ್ ಬಿಡಿಸಬೇಕಾದ ಹಿಡಿ ಇರುವುದು ಹೊರಗೆ! ಲಿವರ್ ನನ್ನಿಂದ ಒಂದು ಗೇಣು ದೂರದಲ್ಲಿ, ನಾನೇ ಬೆಳಿಗ್ಗೆ ಹತ್ತು ಸ್ಕ್ರೂ ಹಾಕಿ ಬಿಗಿದ ತಗಡಿನ ಆಚೆ. ಮೊಬೈಲ್ ಡ್ಯಾಶ್‌ಬೋರ್ಡಿನ ಮೇಲೆ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ಗಾಜು ಬಡಿದೆ. ನಾಯಿ ಬಂದು ಬಾಲ ಅಲ್ಲಾಡಿಸಿ ನಿಂತಿತು. ಸುಮಾರು ಹದಿನೈದು ನಿಮಿಷದ ಮೇಲೆ ನನ್ನ ಹೆಂಡತಿ ಕಾಫಿಗೆ ಕರೆಯಲು ಬಂದು, ಗಾಜಿನಾಚೆಯಿಂದ ನನ್ನನ್ನು ನೋಡಿ, ಮೊದಲು ನಕ್ಕು ಆಮೇಲೆ ಬಾಗಿಲು ತೆರೆದಳು. ಕ್ರಮ ಅದೇ ಆಗಿತ್ತು.

ಈಗ ಎರಡು ಕೇಬಲ್‌ಗಳನ್ನು ಒಂದೇ ಉಂಗುರಕ್ಕೆ ಕಟ್ಟಿದ್ದೇನೆ. ಅಗುಳಿಯ ಕೇಬಲ್ ಬಿಗಿ, ಲಿವರಿನ ಕೇಬಲ್ ಮೂರು ಸೆಂಟಿಮೀಟರ್ ಸಡಿಲ. ಉಂಗುರ ಎಳೆದರೆ ಮೊದಲು ಅಗುಳಿ ಸರಿಯುತ್ತದೆ, ಎಳೆತ ಮುಂದುವರಿದರೆ ಲಿವರ್ ಏಳುತ್ತದೆ. ಉಂಗುರಕ್ಕೆ ಕೆಂಪು ಬಟ್ಟೆ ಸುತ್ತಿ, ಕೂಲಿಯವರ ಮಕ್ಕಳೆಲ್ಲರನ್ನೂ ಒಬ್ಬೊಬ್ಬರಾಗಿ ಹತ್ತಿಸಿ ಎಳೆಯಿಸಿದ್ದೇನೆ, ಗಾಜು ತೆರೆದಿಟ್ಟುಕೊಂಡೇ.

ಹುಬ್ಬಳ್ಳಿಯಿಂದ ಹ್ಯೂಸ್ಟನ್

ತಪ್ಪು ನನ್ನದು, ಲಿವರಿನ ವಿಷಯ ನನಗೂ ಹೊಳೆದಿರಲಿಲ್ಲ. ಬಟ್ಟೆಯ ಬದಲು ಕತ್ತಲಲ್ಲಿ ಹೊಳೆಯುವ ಟೇಪ್ ಸುತ್ತಿ. ಒಳಗೆ ಸಿಕ್ಕಿದವರಿಗೆ ಕೆಂಪು ಯಾವುದು ಕಪ್ಪು ಯಾವುದು ತಿಳಿಯುವುದಿಲ್ಲ.

ತೋಟದ ದಾರಿ (ಸೆಪ್ಟೆಂಬರ್)

ಮಳೆಗಾಲದ ವರದಿ. ಟೇಪ್ ಸುತ್ತಿದ್ದೇನೆ. ಗನ್ನಿಗೆ ಏನೂ ಆಗಿಲ್ಲ, ಅಗುಳಿಗೂ ಇಲ್ಲ. ಒಂದೇ ಒಂದು ಚಾಳಿ: ಡ್ರೈವರ್ ಹಿಡಿ ಎಳೆದು ಹಿಡಿದಿರುವಾಗಲೇ ನಾನು ಅನ್‌ಲಾಕ್ ಒತ್ತಿದರೆ ಲಿವರಿನ ಒತ್ತಡಕ್ಕೆ ಅಗುಳಿ ಸರಿಯುವುದಿಲ್ಲ. ಕೈ ಬಿಡು ಎಂದು ಹೇಳಿ ಮತ್ತೊಮ್ಮೆ ಒತ್ತಿದರೆ ಸರಿಯುತ್ತದೆ. ಕಾರಿನ ಬಾಗಿಲಿನಲ್ಲೂ ಅವಸರದ ನೆಂಟರು ಇದನ್ನೇ ಮಾಡುತ್ತಾರಲ್ಲ.

ಆಗಸ್ಟಿನಲ್ಲಿ ಒಂದು ದಿನ ಐದನೇ ಟಕ್ ನಿಂತುಹೋಯಿತು. ಇಲಿಯ ಕೆಲಸ ಎಂದು ಇಲಿಗಳಿಗೆ ಬೈದು ಸೀಟಿನ ಹಿಂದೆಲ್ಲ ಹುಡುಕಿದೆ. ಇಲಿಗಳು ನಿರಪರಾಧಿಗಳು. ಟೇಲ್‌ಗೇಟಿಗೆ ದಾಟುವಲ್ಲಿ ವೈರ್ ಮುರಿದಿತ್ತು, ತೊಗಲು ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ. ಕಪ್ಪು ಟೇಪ್ ಅವರ ಮಾತಿನಲ್ಲಿ ನಾನು ಬಿಟ್ಟದ್ದು ಅದೊಂದೇ: ಮನೆ ವೈರಿಂಗಿನಲ್ಲಿ ಉಳಿದಿದ್ದ ವೈರನ್ನೇ ಹಾಕಿದ್ದೆ. ಮನೆಯಲ್ಲಿ ಗೋಡೆ ದಿನಕ್ಕೆ ಹದಿನೈದು ಸಲ ಬಗ್ಗುವುದಿಲ್ಲ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ಕಪ್ಪು ಟೇಪ್

ಎಲ್ಲರೂ ಕೇಳಿ ಎಲ್ಲರೂ ಮರೆಯುವುದು ಎಂದು ಬರೆದಿದ್ದೆ.

ತೋಟದ ದಾರಿ

ಹೌದು, ಇನ್ನೊಮ್ಮೆ ಓದಿಕೊಂಡೆ. ಈಗ ಮೆತ್ತನೆಯ ವೈರ್, ಒಂದು ಸುತ್ತು ಹೆಚ್ಚಿಗೆ, ಗ್ರೊಮೆಟ್, ಕನೆಕ್ಟರ್ ಎಲ್ಲ ಇದೆ.

ನಿನ್ನೆ ಉಳಿಸಿಕೊಂಡಿದ್ದ ಎರಡು ಮೂಟೆ ಮೆಣಸು ಹಾಕಿಕೊಂಡು ಹಾಸನಕ್ಕೆ ಹೋಗಿ, ಅದೇ ಹೋಟೆಲಿನ ಎದುರು ಗಾಡಿ ನಿಲ್ಲಿಸಿ, ರಿಮೋಟ್ ಒತ್ತಿ, ಐದೂ ಟಕ್ ಎಣಿಸಿಕೊಂಡು ಒಳಗೆ ಹೋದೆ. ಸೆಟ್ ದೋಸೆ ತಿಂದೆ. ಎರಡನೇ ಕಾಫಿಯನ್ನೂ ಕುಡಿದೆ. ಬಂದು ನೋಡಿದರೆ ಮೂಟೆಗಳು ಎರಡೂ ಇದ್ದವು. ಎಡಗಡೆಯ ಕನ್ನಡಿಯ ಗಾಜು ಇರಲಿಲ್ಲ. ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.